ನೂರಾರು ಏಪ್ರಿಕಾಟ್ ಮರಗಳನ್ನು ಯಾಕೆ ಸಾಕಬೇಕು?

ಪ್ರಶ್ನೆ: ನಾನು ಬೀದರಿನವಳು. ನಮ್ಮ ಕಡೆಯ ಮದುವೆಯೂಟಗಳಲ್ಲಿ ಖುಬಾನಿ ಕಾ ಮೀಠಾ ಮಾಡುತ್ತಾರೆ. ಅದಕ್ಕೆ ತಂದ ಒಣ ಏಪ್ರಿಕಾಟ್‌ನ ಓಟೆಗಳನ್ನು ಒದ್ದೆ ಮರಳಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಕುಂಡದಲ್ಲಿ ಊರಿದೆ. ಒಂದು ಸಸಿ ಎದ್ದಿದೆ. ಹಣ್ಣು ಬಿಟ್ಟೀತೇ? ಇನ್ನೊಂದು ಪ್ರಶ್ನೆ: ಕ್ರಿಮಿಯಾದ ನಿಕಿತಾ ಸಸ್ಯೋದ್ಯಾನದವರು ನೂರಾರು ಬಗೆಯ ಏಪ್ರಿಕಾಟ್ ಮರಗಳನ್ನು ಕೂಡಿಟ್ಟು, ಅವುಗಳಿಂದ ಹೊಸ ತಳಿ ಮಾಡುತ್ತಾರೆ ಎಂದು ಓದಿದೆ. ಒಳ್ಳೆಯ ಹತ್ತು ತಳಿ ಇದ್ದರೆ ಸಾಲದೇ?

ಉತ್ತರ: ಮೊದಲು ನಿಮ್ಮ ಸಸಿ. ಓಟೆಯನ್ನು ಫ್ರಿಜ್ಜಿನಲ್ಲಿಟ್ಟದ್ದು ಸರಿಯಾದ ಕೆಲಸ. ವಾರಗಟ್ಟಲೆ ತಂಪು ಸಿಗದೆ ಏಪ್ರಿಕಾಟ್ ಬೀಜ ಮೊಳೆಯುವುದೇ ಕಷ್ಟ. ಆದರೆ ಬೆಳೆದ ಮರಕ್ಕೂ ಪ್ರತಿ ವರ್ಷ ಅಂಥದೇ ಚಳಿ ಬೇಕು. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ಒಟ್ಟು ನೂರಾರು ಗಂಟೆ ಸಿಕ್ಕರೇನೇ ಹೂಮೊಗ್ಗು ನಿದ್ದೆಯಿಂದ ಏಳುವುದು. ಬೀದರಿನ ಚಳಿ ನಮ್ಮ ರಾಜ್ಯದ ಮಟ್ಟಿಗೆ ಜೋರೇ, ಆದರೂ ಇದಕ್ಕೆ ಸಾಲದು. ಗಿಡ ಎಲೆ ಬಿಟ್ಟು ಬೆಳೆಯಬಹುದು, ಹಣ್ಣಿನ ಆಸೆ ಬೇಡ.

ಎರಡನೆಯ ಪ್ರಶ್ನೆ ನನ್ನ ಮನಸ್ಸಿಗೆ ತುಂಬ ಹತ್ತಿರದ್ದು. 1812ರಲ್ಲಿ ಶುರುವಾದ ನಿಕಿತಾ ಉದ್ಯಾನ ಇರುವುದು ಯಾಲ್ಟಾ ಪಕ್ಕ, ಕಪ್ಪು ಸಮುದ್ರದ ದಂಡೆಯಲ್ಲಿ. ನಮ್ಮಲ್ಲಿ ಚಳಿ ಕಡಿಮೆ ಎಂಬ ತೊಂದರೆಯಾದರೆ, ಅಲ್ಲಿ ಚಳಿ ಹೋದಂತೆ ಮಾಡಿ ತಿರುಗಿ ಬರುತ್ತದೆ. ಚಳಿಗಾಲದ ಕೊನೆಗೆ ನಾಲ್ಕು ದಿನ ಬೆಚ್ಚಗಾದರೆ ಸಾಕು, ಏಪ್ರಿಕಾಟ್ ಅವಸರಪಟ್ಟು ಮೊಗ್ಗೊಡೆಯುತ್ತದೆ. ಅರಳಿದ ಹೂವು ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿನ ಚಳಿಗೇ ಸಾಯುತ್ತದೆ. ಒಂದು ರಾತ್ರಿಗೆ ಇಡೀ ವರ್ಷದ ಬೆಳೆ ಹೋಗುತ್ತದೆ. ಹಾಗಾಗಿ ಅಲ್ಲಿಯ ತಳಿಗಾರರು ಬಹುಕಾಲದಿಂದ ಹುಡುಕುತ್ತಿರುವುದು ತಡವಾಗಿ ಏಳುವ ಮರವನ್ನು.

ಆ ಗುಣ ಒಂದೇ ಊರಿನ ತೋಟಗಳಲ್ಲಿ ಸಿಗುವಂಥದ್ದಲ್ಲ. ಇದೇ ಉದ್ಯಾನದಲ್ಲಿ ದುಡಿದ ವಿಜ್ಞಾನಿ ಕೆ. ಎಫ್. ಕೊಸ್ತಿನಾ 1930ರ ದಶಕದಲ್ಲಿ ಏಪ್ರಿಕಾಟ್‌ಗಳನ್ನು ತವರಿನ ಪ್ರಕಾರ ಗುಂಪು ಮಾಡಿದರು. ಯುರೋಪಿನ ಗುಂಪಿನವು ದಪ್ಪ ಹಣ್ಣಿನವು, ಹೆಚ್ಚಿನವು ತಮ್ಮದೇ ಪರಾಗದಿಂದ ಕಾಯಿ ಕಟ್ಟುತ್ತವೆ, ಆದರೆ ಎಲ್ಲವೂ ಹತ್ತಿರದ ನೆಂಟರು, ವೈವಿಧ್ಯ ಕಡಿಮೆ. ಮಧ್ಯ ಏಷ್ಯಾದವು ಸಕ್ಕರೆಯಂಥವು, ದೀರ್ಘಾಯುಷಿಗಳು, ಬರ ತಾಳುವಂಥವು. ಬಹುಪಾಲು ಮರಗಳಿಗೆ ಬೇರೆ ಮರದ ಪರಾಗ ಬೇಕು, ತೇವದ ಹವೆಯಲ್ಲಿ ಶಿಲೀಂಧ್ರ ರೋಗಕ್ಕೆ ಬೇಗ ಬಲಿಯಾಗುತ್ತವೆ. ಇರಾನ್ ಮತ್ತು ಕಾಕಸಸ್ ಕಡೆಯವು ಬೇಗ ಹೂಬಿಡುತ್ತವೆ, ಹಲವುಗಳ ಓಟೆಯೊಳಗಿನ ಬೀಜವೂ ಸಿಹಿ. ತಿಯೆನ್‌ಶಾನ್ ಬೆಟ್ಟದ ಕಾಡುಮರಗಳ ಹಣ್ಣು ಚಿಕ್ಕದು, ಆದರೆ ಕಡುಚಳಿಗೆ ಜಗ್ಗುವುದಿಲ್ಲ. ಹತ್ತೇ ತಳಿ ಇಟ್ಟುಕೊಳ್ಳಿ ಎಂದರೆ ಇವುಗಳಲ್ಲಿ ಯಾವುದನ್ನು ಬಿಡುತ್ತೀರಿ?

ಸಂಗ್ರಹದಲ್ಲಿ ಮರದಷ್ಟೇ ಬೆಲೆ ಅದರ ದಾಖಲೆ ಪುಸ್ತಕಕ್ಕೂ ಇದೆ. ಯಾವ ಮರ ಯಾವ ದಿನ ಅರಳಿತು, ಆ ಕೆಟ್ಟ ಚಳಿಯ ವರ್ಷ ಎಷ್ಟು ಮೊಗ್ಗು ಉಳಿಯಿತು ಎಂದು ದಶಕಗಟ್ಟಲೆ ಬರೆದಿಟ್ಟರೆ ತಾನೇ ತಂದೆ ತಾಯಿ ಯಾರೆಂದು ಆರಿಸಲಾಗುವುದು?

ಆರಿಸಿದ ಮೇಲಿನದು ಕೈಕೆಲಸ. ತಾಯಿ ಮರದ ಮೊಗ್ಗು ಉಬ್ಬಿ, ಇನ್ನೂ ಬಿರಿಯದಿರುವಾಗ ಚಿಮಟದಿಂದ ಕೇಸರಗಳನ್ನು ಕಿತ್ತು, ತಂದೆ ಮರದಿಂದ ತಂದು ಒಣಗಿಸಿಟ್ಟ ಪರಾಗವನ್ನು ಶಲಾಕೆಯ, ಅಂದರೆ ಹೂವಿನ ಹೆಣ್ಣುಭಾಗದ, ತುದಿಗೆ ಸವರುತ್ತಾರೆ. ಸಿಕ್ಕ ಓಟೆಗಳಿಗೆ ನಿಮ್ಮ ಫ್ರಿಜ್ಜಿನ ಉಪಚಾರವೇ. ತೀರ ಬೇಗ ಮಾಗುವ ತಾಯಿಯಾದರೆ ಹಣ್ಣಾದರೂ ಒಳಗಿನ ಭ್ರೂಣ ಬಲಿತಿರುವುದಿಲ್ಲ. ಅದನ್ನು ಪ್ರಯೋಗಾಲಯದಲ್ಲಿ ಬಿಡಿಸಿ ಸಾಕಬೇಕು. ಸಸಿ ಹಣ್ಣು ಬಿಡಲು ಮೂರರಿಂದ ಐದು ವರ್ಷ. ಬಹುಪಾಲು ಸಸಿಗಳನ್ನು ತೆಗೆದುಹಾಕುತ್ತಾರೆ, ಉಳಿದ ಕೆಲವನ್ನು ಕಸಿ ಕಟ್ಟಿ ಮತ್ತೆ ವರ್ಷಗಟ್ಟಲೆ ಪರೀಕ್ಷಿಸುತ್ತಾರೆ. ತಾನೇ ಕಾಯಿ ಕಟ್ಟಬಲ್ಲ ಸಸಿ ಯಾವುದೆಂದು ಈಗ ಎಲೆಯ ಡಿಎನ್ಎಯಿಂದಲೇ ತಿಳಿಯಬಹುದು. ಆದರೂ ಒಂದು ತಳಿಗೆ ಹದಿನೈದು, ಇಪ್ಪತ್ತು ವರ್ಷ ಹಿಡಿದರೆ ಅಚ್ಚರಿಯಿಲ್ಲ.

ಹತ್ತು ಸಾಲದು ಎನ್ನಲು ಇನ್ನೊಂದು ಕಾರಣ ಶಾರ್ಕಾ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಲ್ಗೇರಿಯಾದಲ್ಲಿ ಕಂಡ ಈ ವೈರಸ್ ರೋಗ ಯುರೋಪಿನ ಏಪ್ರಿಕಾಟ್ ತೋಟಗಳನ್ನು ಹಾಳುಮಾಡಿತು. ಅಲ್ಲಿಯ ಹಳೆಯ ತಳಿಗಳಲ್ಲಿ ಬಹುತೇಕ ಯಾವುದಕ್ಕೂ ತಡೆಯುವ ಶಕ್ತಿ ಇರಲಿಲ್ಲ. ಅದು ಸಿಕ್ಕಿದ್ದು ‘ಸ್ಟಾರ್ಕ್ ಅರ್ಲಿ ಆರೆಂಜ್’ನಂಥ ಉತ್ತರ ಅಮೆರಿಕದ ಕೆಲವು ತಳಿಗಳಲ್ಲಿ. ಆ ಗುಣಕ್ಕೆಂದು ಯಾರೂ ಅವನ್ನು ಬೆಳೆದಿರಲಿಲ್ಲ.

ಬೀಜ ಮಾಡಿ ಡಬ್ಬಿಯಲ್ಲಿಟ್ಟರಾಗದೇ ಎಂದು ನೀವು ಕೇಳಬಹುದು. ಆಪೂಸಿನ ಓಟೆ ಊರಿದರೆ ಆಪೂಸೇ ಬರುವುದಿಲ್ಲವಲ್ಲ, ಇಲ್ಲಿಯೂ ಹಾಗೆಯೇ. ಆ ತಳಿ ಅದೇ ರೂಪದಲ್ಲಿ ಉಳಿಯಬೇಕಾದರೆ ಕಸಿ ಮಾಡಿದ ಜೀವಂತ ಮರವೇ ಬೇಕು. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ಆಪೂಸಿಗೆ ಬಂಗನಪಲ್ಲಿಯ ಪರಾಗ ಕೊಟ್ಟು, ಆಪೂಸಿನ ತಿರುಳು ಒಳಗೇ ಕೆಡುವ ದೋಷವಿಲ್ಲದ ‘ಅರ್ಕಾ ಪುನೀತ್’ ತಳಿಯನ್ನು ಪಡೆಯಿತು. ಎರಡೂ ಮರಗಳು ಉಳಿದಿದ್ದರಿಂದ ಅದು ಆಯಿತು.

ನಿಮ್ಮ ಕುಂಡವನ್ನು ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ನೆರಳಿಗೆ ಸರಿಸಿ. ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ, ಏಪ್ರಿಕಾಟ್ ಬೇರು ಅದನ್ನು ತಾಳುವುದಿಲ್ಲ.