ಫ್ರಾಂಸ್ವಾಜ್ ಆರ್ದಿಯಂತೆ ವೇದಿಕೆ ಬಿಟ್ಟೂ ಗಾಯಕಿಯಾಗಿ ಉಳಿಯಬಹುದೇ?

ವೇದಿಕೆ ಹತ್ತಿದರೆ ಗಂಟಲು ಕಟ್ಟುತ್ತದೆ, ಫ್ರಾನ್ಸ್‌ನ ಗಾಯಕಿ ಆರ್ದಿಯ ಹಾಗೆ ನಾನೂ ಬಿಟ್ಟುಬಿಡಲೇ ಎಂದು ಕೇಳಿದ್ದೀರಿ. ಅದೇ ಹೆಸರನ್ನು ನಾನೂ ಒಂದು ಕಾಲದಲ್ಲಿ ಗುರಾಣಿಯಂತೆ ಹಿಡಿದುಕೊಂಡಿದ್ದೆ.

2009ರ ನವೆಂಬರ್. ಮೈಸೂರಿನ ಒಂದು ಬಡಾವಣೆಯ ರಾಜ್ಯೋತ್ಸವ. ಭಾವಗೀತೆಯ ಪಲ್ಲವಿ, ಮೊದಲ ಚರಣ ಮುಗಿದವು. ಎರಡನೆಯ ಚರಣ ನೆನಪಿಗೆ ಬರಲೇ ಇಲ್ಲ. ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ಆ ಸಾಲಿನ ಸ್ವರಗಳನ್ನು ಎರಡು ಸಲ, ಮೂರು ಸಲ ನುಡಿಸಿ ನನ್ನ ಮುಖ ನೋಡಿದರು. ತಬಲಾ ನಡೆಯುತ್ತಲೇ ಇತ್ತು. ಪಲ್ಲವಿಯನ್ನೇ ಮತ್ತೊಮ್ಮೆ ಹಾಡಿ ಕೆಳಗಿಳಿದೆ.

ಎರಡು ವಾರ ಕಳೆದ ಮೇಲೆ ಒಬ್ಬ ಸಂಯೋಜಕರು ಫೋನ್ ಮಾಡಿದರು. ಸಿ.ಡಿ.ಗೆ ಒಂದು ಹಾಡು ಬೇಕಿತ್ತು. "ನಿನ್ನ ಶ್ರುತಿಗೇ ಕೂಡಿಸಿದ್ದೇನೆ, ಬಾರಮ್ಮ" ಎಂದರು. "ನಾನು ಹಾಡುವುದನ್ನು ಬಿಟ್ಟಿದ್ದೇನೆ ಸರ್" ಎಂದುಬಿಟ್ಟೆ.

ನನ್ನ ತಪ್ಪು ಆ ವಾಕ್ಯದಲ್ಲಿದೆ. ನಾನು ಬಿಟ್ಟದ್ದು ವೇದಿಕೆಯಲ್ಲಿ ಹಾಡುವುದನ್ನು. "ವೇದಿಕೆಯಲ್ಲಿ" ಎಂಬ ಒಂದು ಪದ ನುಂಗಿದೆ. ಆ ಪದವಿದ್ದಿದ್ದರೆ ಅವರು, ಸ್ಟುಡಿಯೋದಲ್ಲಿ ಜನರೇ ಇರುವುದಿಲ್ಲವಲ್ಲ, ಸಾಲು ಮರೆತರೆ ಮತ್ತೆ ಹಾಡಿದರಾಯಿತು ಎನ್ನುತ್ತಿದ್ದರು. ಆ ಪದವಿಲ್ಲದೆ ಅವರಿಗೆ ಹೇಳಲು ಏನೂ ಉಳಿಯಲಿಲ್ಲ. ಸಜ್ಜನರು, ಒತ್ತಾಯ ಮಾಡಲಿಲ್ಲ, ಮತ್ತೆಂದೂ ಕರೆಯಲೂ ಇಲ್ಲ. ಮರುದಿನವೇ ಫೋನ್ ಮಾಡಿ ತಿದ್ದಿಕೊಳ್ಳಬಹುದಿತ್ತು. ನಾಳೆ, ನಾಳೆ ಎನ್ನುತ್ತ ಮೂರು ತಿಂಗಳು ಕಳೆದೆ. ಸಿ.ಡಿ. ಬಂದಾಗ ಬೇರೆಯವರ ದನಿ ನನ್ನ ಶ್ರುತಿಯಲ್ಲಿ, ಮೇಲಿನ ಷಡ್ಜದಲ್ಲಿ ಸ್ವಲ್ಪ ಕಷ್ಟಪಡುತ್ತ ಹಾಡುತ್ತಿತ್ತು. ಅಷ್ಟು ಹೊತ್ತಿಗೆ "ಫ್ರಾನ್ಸ್‌ನ ಆರ್ದಿಯೂ 1968ರಲ್ಲಿ ವೇದಿಕೆ ಬಿಟ್ಟವಳೇ" ಎಂದು ಮನೆಯವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ.

ಆಕೆಯ ಬದುಕನ್ನು ಪೂರ್ತಿ ಓದಿದ್ದು ಬಹಳ ತಡವಾಗಿ. ಬಾಕಲೋರಿಯಾ, ಅಂದರೆ ಅಲ್ಲಿನ ಶಾಲೆಯ ಕೊನೆಯ ಪರೀಕ್ಷೆ, ಪಾಸಾದದ್ದಕ್ಕೆ ತಂದೆ ಕೊಡಿಸಿದ ಗಿಟಾರಿನಲ್ಲಿ ತಾನೇ ಹಾಡು ಕಟ್ಟಲು ಕಲಿತ ಹುಡುಗಿ. 1961ರಲ್ಲಿ ವೋಗ್ ಎಂಬ ಧ್ವನಿಮುದ್ರಿಕೆ ಕಂಪನಿಯ ಒಪ್ಪಂದ. 1962ರ ಅಕ್ಟೋಬರ್ 28ರಂದು, ಜನಮತಗಣನೆಯ ಫಲಿತಾಂಶಕ್ಕಾಗಿ ದೇಶವೆಲ್ಲ ಟಿ.ವಿ. ಮುಂದೆ ಕುಳಿತಿದ್ದಾಗ ಆಕೆಯ ಹಾಡು ಬಂತು, ಮನೆಮಾತಾಯಿತು. ಅಂದರೆ ಆಕೆ ಧ್ವನಿಮುದ್ರಿಕೆಯಿಂದ ವೇದಿಕೆಗೆ ಬಂದವಳು. ಪ್ಯಾರಿಸ್ಸಿನ ಒಲಿಂಪಿಯಾ ಸಭಾಂಗಣದಲ್ಲಿ, ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ವೇದಿಕೆಯ ಭಯದೊಂದಿಗೇ ಹಾಡಿ, ಆಮೇಲೆ ಬಿಟ್ಟಳು. ಬಿಟ್ಟು ಸುಮ್ಮನೆ ಕೂರಲಿಲ್ಲ. 1971ರಲ್ಲಿ ಬ್ರೆಜಿಲ್‌ನ ಟೂಕಾ ಎಂಬ ಗಿಟಾರ್ ವಾದಕಿಯ ಜೊತೆ ಸೇರಿ "ಲಾ ಕೆಸ್ತಿಯೋಂ" ಆಲ್ಬಮ್ ಮಾಡಿದಳು. ಕಿವಿಯ ಪಕ್ಕದಲ್ಲೇ ಕುಳಿತು ಹಾಡಿದಂತಹ ದನಿ ಅದು, ಸಭಾಂಗಣಕ್ಕೆ ಹೇಳಿಮಾಡಿಸಿದ್ದೇ ಅಲ್ಲ. 1973ರಲ್ಲಿ ಮಗ ಹುಟ್ಟಿದ, ಆ ವರ್ಷವೂ ಆಲ್ಬಮ್ ಬಂತು. 2004ರಲ್ಲಿ ಲಿಂಫೋಮಾ ಕ್ಯಾನ್ಸರ್ ಎಂದು ಗೊತ್ತಾದ ಮೇಲೂ ಹಾಡಿದಳು. ಕೊನೆಯ ಆಲ್ಬಮ್ 2018ರದು, ಆಗ ವಯಸ್ಸು ಎಪ್ಪತ್ತನಾಲ್ಕು. 2024ರ ಜೂನ್‌ನಲ್ಲಿ ತೀರಿಕೊಂಡಳು. ವೇದಿಕೆಯಿಲ್ಲದೆ ಐವತ್ತು ವರ್ಷ ಹಾಡಿದ ಈಕೆಯನ್ನು ಮನೆಯಲ್ಲಿ ಸುಮ್ಮನೆ ಕುಳಿತ ನನಗೆ ಹೋಲಿಸಿಕೊಂಡಿದ್ದೆನಲ್ಲ!

ಹಾಗಾಗಿ ಬಿಡಲೇ, ಬೇಡವೇ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವೇದಿಕೆ ಬೇಕಾದರೆ ಬಿಡಿ. ಆದರೆ ಈ ತಿಂಗಳು ಯಾವ ಹಾಡು ಮುದ್ರಿಸುತ್ತೀರಿ, ಯಾರ ಜೊತೆ? ಅದನ್ನು ಮೊದಲು ಹೇಳಿ. ಯಾರಾದರೂ ಕರೆದಿದ್ದು ನೀವು ಉತ್ತರಿಸದೆ ಉಳಿದಿದ್ದರೆ ಇವತ್ತೇ ಫೋನ್ ಮಾಡಿ, "ವೇದಿಕೆಯಲ್ಲಿ ನನ್ನಿಂದ ಆಗುವುದಿಲ್ಲ ಸರ್, ಸ್ಟುಡಿಯೋಗೆ ಯಾವತ್ತು ಬರಲಿ?" ಎಂದು ಪೂರ್ತಿ ವಾಕ್ಯ ಹೇಳಿ.