ಎಲ್‌ಡಿಎಲ್ ಇಳಿದರೂ ರಕ್ತನಾಳದ ಉರಿಯೂತ ಏಕೆ ಇಳಿಯುವುದಿಲ್ಲ?

ಗದಗಿನಿಂದ ನೀವು ಕೇಳಿದ್ದು ಇಷ್ಟು: ತಂದೆಯವರಿಗೆ ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದ್ದಾರೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 62ಕ್ಕೆ ಬಂದಿದೆ, ಎಚ್‌ಎಸ್-ಸಿಆರ್‌ಪಿ (ಮೈಯಲ್ಲಿನ ಉರಿಯೂತ ತೋರಿಸುವ ರಕ್ತದ ಪ್ರೋಟೀನ್) ಮಾತ್ರ 3.8. ಜೀವಕೋಶ ಸಿಡಿದು ಸಾಯುವುದೇ ಇದಕ್ಕೆ ಕಾರಣವೇ? ಉರಿಯೂತ ತಗ್ಗಿಸುವ ಕಾಲ್ಚಿಸಿನ್ ಗುಳಿಗೆ ಕೊಡಬಹುದೇ?

ಕೋಶ ಸಿಡಿಯುವುದು ನಿಜ. ಆದರೆ ಸಾವಿನಲ್ಲೂ ಬಗೆಗಳಿವೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಬಾಯಿ ಹೊಲಿದ ಮೆಣಸಿನಕಾಯಿ ಚೀಲವನ್ನು ಹೊತ್ತೊಯ್ದರೆ ಯಾರಿಗೂ ತೊಂದರೆಯಿಲ್ಲ. ಅದೇ ಚೀಲ ಹರಿದರೆ ಇಡೀ ಅಂಗಳ ಕೆಮ್ಮುತ್ತದೆ. ಮೊದಲನೆಯದು ಅಪಾಪ್ಟೋಸಿಸ್, ಎರಡನೆಯದು ಪೈರಾಪ್ಟೋಸಿಸ್.

ನಾಳದ ಗೋಡೆಯೊಳಗೆ ಸೇರಿದ ಕೊಲೆಸ್ಟ್ರಾಲನ್ನು ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ನುಂಗುತ್ತವೆ. ಅತಿಯಾದಾಗ ಅದು ಸೂಜಿಯಂಥ ಹರಳಾಗಿ ಕೋಶದೊಳಗಿನ ಲೈಸೋಸೋಮನ್ನು (ನುಂಗಿದ್ದನ್ನು ಜೀರ್ಣಿಸುವ ಚೀಲವನ್ನು) ಒಡೆಯುತ್ತದೆ. ಆಗ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನ್ ಜೋಡಣೆ ಎಚ್ಚೆತ್ತು ಕ್ಯಾಸ್ಪೇಸ್-1 ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಕ್ಯಾಸ್ಪೇಸ್ ಎರಡು ಕೆಲಸ ಮಾಡುತ್ತದೆ: ಉರಿಯೂತದ ಸಂದೇಶ ಒಯ್ಯುವ ಇಂಟರ್‌ಲ್ಯೂಕಿನ್-1 ಬೀಟಾವನ್ನು (ಮುಂದೆ ಬರೀ ‘ಬೀಟಾ’) ಸಿದ್ಧಗೊಳಿಸುತ್ತದೆ, ಗ್ಯಾಸ್ಡರ್ಮಿನ್ ಡಿ ಪ್ರೋಟೀನನ್ನು ಕತ್ತರಿಸುತ್ತದೆ. ಕತ್ತರಿಸಿದ ತುಂಡುಗಳು ಕೋಶದ ಪೊರೆಗೆ ತೂತು ಕೊರೆಯುತ್ತವೆ. ನೀರು ನುಗ್ಗಿ ಕೋಶ ಉಬ್ಬಿ ಒಡೆಯುತ್ತದೆ. (ತೂತು ಬಿದ್ದ ಕೋಶವೆಲ್ಲ ಸಾಯಲೇಬೇಕೆಂದಿಲ್ಲ; ಬದುಕಿದ್ದೇ ಬೀಟಾವನ್ನು ಹೊರಬಿಡುವುದೂ ಉಂಟು.) ಆ ಬೀಟಾ ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ಸಂದೇಶವಾಹಕವನ್ನು ಏರಿಸುತ್ತದೆ, ಅದರಿಂದ ಯಕೃತ್ತು ಸಿಆರ್‌ಪಿ ತಯಾರಿಸುತ್ತದೆ.

ಸತ್ತ ಕೋಶಗಳ ಕಸ ತೆಗೆಯುವವರಿಲ್ಲದೆ, ನಾಳದ ಗೋಡೆಯಲ್ಲಿ ಕಟ್ಟಿದ ಕೊಲೆಸ್ಟ್ರಾಲ್ ಗಡ್ಡೆಯ ನಡುವೆ ಕೊಳೆತ ತಿರುಳು ಬೆಳೆಯುತ್ತದೆ, ಮೇಲಿನ ಹೊದಿಕೆ ತೆಳ್ಳಗಾಗುತ್ತದೆ. 65 ಮೈಕ್ರೋಮೀಟರ್‌ಗಿಂತ ತೆಳುವಾದರೆ ಅಪಾಯ. ಅದು ಹರಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ.

ಉರಿಯೂತ ತಗ್ಗಿಸಿದರೆ ಲಾಭವಿದೆ ಎಂಬುದಕ್ಕೆ ಗಟ್ಟಿ ಪುರಾವೆ 2017ರ ಕ್ಯಾಂಟೋಸ್ ಪ್ರಯೋಗ. ಹೃದಯಾಘಾತವಾಗಿದ್ದ 10,061 ಜನರಲ್ಲಿ, ಬೀಟಾವನ್ನು ತಡೆಯುವ ಕ್ಯಾನಕಿನುಮಾಬ್‌ನ 150 ಮಿ.ಗ್ರಾಂ. ಚುಚ್ಚುಮದ್ದನ್ನು 3 ತಿಂಗಳಿಗೊಮ್ಮೆ ಪಡೆದವರಿಗೆ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ 15% ಕಡಿಮೆಯಾದವು, ಎಲ್‌ಡಿಎಲ್ ಬದಲಾಗಿರಲಿಲ್ಲ. ಆದರೆ ಸೋಂಕಿನಿಂದ ಸತ್ತವರು ಹೆಚ್ಚಿದರು, ಒಟ್ಟು ಸಾವು ಇಳಿಯಲಿಲ್ಲ.

ಕಾಲ್ಚಿಸಿನ್ ದಿನಕ್ಕೆ 0.5 ಮಿ.ಗ್ರಾಂ. ಕೊಟ್ಟಾಗ 2019ರ ಕಾಲ್ಕಾಟ್ ಪ್ರಯೋಗದಲ್ಲಿ ಹೃದಯ, ರಕ್ತನಾಳದ ಅವಘಡಗಳು 23%, 2020ರ ಲೋಡೋಕೋ2 ಪ್ರಯೋಗದಲ್ಲಿ 31% ಕಡಿಮೆಯಾದವು. 2024ರ ಕ್ಲಿಯರ್ ಸಿನರ್ಜಿ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಹಾಗಾಗಿ ಎಲ್ಲರಿಗೂ ಕೊಡುವ ಗುಳಿಗೆ ಇದೆಂದು ನಾನು ಹೇಳಲಾರೆ. ಮೆಡಿಕಲ್ ಅಂಗಡಿಯಿಂದ ನೀವಾಗಿ ತಂದು ಕೊಡಲೇಬೇಡ್ರಿ. ಮೂತ್ರಪಿಂಡ ಸೋತವರಲ್ಲಿ ಅದು ಮೈಯಲ್ಲೇ ಉಳಿದು ವಿಷವಾಗುತ್ತದೆ. ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಜೊತೆ ಬಿದ್ದರೆ ಜೀವಕ್ಕೇ ಅಪಾಯ. ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತ ಪರೀಕ್ಷೆ) ವರದಿ, ಈಗಿನ ಎಲ್ಲ ಗುಳಿಗೆಗಳ ಚೀಟಿ ಹಿಡಿದು ಹೃದ್ರೋಗ ತಜ್ಞರನ್ನೇ ಕೇಳಿ. ಭೇದಿ, ಸ್ನಾಯುಗಳ ಸೋಲು ಕಂಡರೆ ತಕ್ಷಣ ತಿಳಿಸಿ.

ಅದಕ್ಕೂ ಮುಂಚೆ ಆ 3.8 ನಿಜವಾಗಿ ನಾಳದಿಂದಲೇ ಬಂದದ್ದೇ ನೋಡಬೇಕು. ನೆಗಡಿ, ಒಸಡಿನ ಕೀವು, ಮೊಣಕಾಲಿನ ಬಾವು ಕೂಡ ಸಿಆರ್‌ಪಿ ಏರಿಸುತ್ತವೆ. ಮೈಯಲ್ಲಿ ಯಾವ ಸೋಂಕೂ ಇಲ್ಲದಾಗ, ಎರಡು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ. 10 ದಾಟಿದರೆ ಮೊದಲು ಸೋಂಕು ಹುಡುಕಬೇಕು. ತಂದೆಯವರು ಗುಟಕಾ, ಬೀಡಿ ಬಳಸುತ್ತಿದ್ದರೆ ಬಿಡಿಸಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ಮಾತ್ರ ನಿಲ್ಲಿಸಬೇಡಿ: ಹರಳಾಗುವುದು ಕೊಲೆಸ್ಟ್ರಾಲೇ, ಅದು ಕಡಿಮೆಯಾದಷ್ಟೂ ಸಿಡಿಯುವ ಕೋಶಗಳೂ ಕಡಿಮೆ.