ಕಾಫಿ, ಕರಿಮೆಣಸು ಬೆಳೆಗಾರರಿಗೆ ಇ-ಮೇಲ್ ಸುದ್ದಿಪತ್ರ ಆರಂಭಿಸುವ ಬಗ್ಗೆ

ಮಾನ್ಯರೇ,

ವಾಟ್ಸ್ಆ್ಯಪ್‌ನಲ್ಲಿ ಬಂದ ಒಳ್ಳೆಯ ಮಾಹಿತಿ ಎರಡೇ ದಿನದಲ್ಲಿ ಶುಭಾಶಯದ ಚಿತ್ರಗಳ ಅಡಿಯಲ್ಲಿ ಹೂತುಹೋಗುತ್ತದೆ, ಆದ್ದರಿಂದ ಕೊಡಗಿನ ಶನಿವಾರಸಂತೆ ಕಡೆಯ ಆಸಕ್ತ ಬೆಳೆಗಾರರಿಗೆ ತಿಂಗಳಿಗೊಂದು ಇ-ಮೇಲ್ ಸುದ್ದಿಪತ್ರ ಕಳುಹಿಸಬೇಕೆಂದಿದ್ದೇನೆ, ಎಲ್ಲಿಂದ ಆರಂಭಿಸಲಿ ಎಂದು ತಾವು ಕೇಳಿದ್ದೀರಿ. ಸುಂಟಿಕೊಪ್ಪದ ಸುತ್ತಮುತ್ತಲಿನ ಬೆಳೆಗಾರರಿಗೆ ಇಂಥದೇ ಪತ್ರವೊಂದನ್ನು 7 ವರ್ಷಗಳಿಂದ ಕಳುಹಿಸುತ್ತಿರುವುದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಪತ್ರ ಯಾರಿಗೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ‘ಕೊಡಗಿನ ಎಲ್ಲ ಬೆಳೆಗಾರರಿಗೆ’ ಎಂದು ಹೊರಟರೆ ಯಾರಿಗೂ ಪೂರ್ತಿ ಉಪಯೋಗವಾಗದ ಪತ್ರವಾಗುತ್ತದೆ. ಸೋಮವಾರಪೇಟೆ ಕಡೆ ಅರೇಬಿಕಾ ಕಾಫಿ ಹೆಚ್ಚು, ವಿರಾಜಪೇಟೆ, ಪೊನ್ನಂಪೇಟೆ ಕಡೆ ರೋಬಸ್ಟಾ ಕಾಫಿ ಹೆಚ್ಚು. ಗಿಡದ ಕಾಂಡ ಕೊರೆಯುವ ಕೀಟವಾದ ಬಿಳಿ ಕಾಂಡಕೊರಕದ ವಿಚಾರ ಅರೇಬಿಕಾ ಇರುವವರಿಗೆ ಜೀವನ್ಮರಣದ ಪ್ರಶ್ನೆಯಾದರೆ, ಬರೀ ರೋಬಸ್ಟಾ ಇರುವವರು ಅದನ್ನು ಓದದೆ ಮುಂದೆ ಹೋಗುತ್ತಾರೆ, ಮತ್ತು ಎರಡು ಸಲ ಹಾಗೆ ಮುಂದೆ ಹೋದವರು ಮೂರನೆಯ ಸಲ ಪತ್ರವನ್ನು ತೆರೆಯುವುದೇ ಇಲ್ಲ. ತಮ್ಮ ಸುತ್ತಲಿನ ಅರೇಬಿಕಾ ಮತ್ತು ಕರಿಮೆಣಸಿನ ಸಣ್ಣ ಬೆಳೆಗಾರರಿಗೆ ಮಾತ್ರ ಎಂದು ನಿಶ್ಚಯಿಸಿದರೆ 40 ವಿಳಾಸಗಳಿಂದಲೇ ಧೈರ್ಯವಾಗಿ ಆರಂಭಿಸಬಹುದು. ನಾನು ಆರಂಭಿಸಿದ್ದು 23ರಿಂದ.

ಒಳಗೆ ಏನಿರಬೇಕು ಎಂಬುದರ ಬಗ್ಗೆ ನನಗೆ ಒಂದು ದೃಢವಾದ ಅಭಿಪ್ರಾಯವಿದೆ. ಓದುಗರಿಗೆ ಬೇರೆಲ್ಲೂ ಸಿಗದ ಒಂದು ಸಂಗತಿ ಪ್ರತಿ ಸಂಚಿಕೆಯಲ್ಲೂ ಇರಬೇಕು, ಮತ್ತು ಆ ಸಂಗತಿ ಓದುಗರಿಂದಲೇ ಬರಬೇಕು. ನಮ್ಮಲ್ಲಿ ಅದಕ್ಕೆ ತಕ್ಕ ವಸ್ತುವೆಂದರೆ ಮಳೆಯ ಲೆಕ್ಕ. ಕೊಡಗಿನಲ್ಲಿ ಮಳೆಮಾಪಕ ಇಟ್ಟುಕೊಂಡ ಬಹುತೇಕ ಬೆಳೆಗಾರರು ಇಂಚು, ಸೆಂಟ್‌ಗಳಲ್ಲಿ ಮಳೆಯನ್ನು ಬರೆದಿಡುತ್ತಾರೆ (ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟ್). ತಾತನ ಕಾಲದ ಪುಸ್ತಕಗಳನ್ನು ಜೋಪಾನವಾಗಿ ಇಟ್ಟ ಮನೆಗಳೂ ಇವೆ. ಆದರೆ ಆ ಲೆಕ್ಕ ಆಯಾ ಮನೆಯ ಗೋಡೆ ದಾಟಿ ಹೊರಗೆ ಬರುವುದು ಕಡಿಮೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಹೂಮಳೆಯ (ಕಾಫಿ ಹೂ ಅರಳಿಸುವ ಮಳೆಯ) ಸಮಯದಲ್ಲಿ ಒಂದು ಊರಿನಲ್ಲಿ 1 ಇಂಚು 20 ಸೆಂಟ್ ಬಿದ್ದು, ಎರಡು ಮೈಲಿ ಆಚೆ 30 ಸೆಂಟ್‌ಗೆ ನಿಂತುಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. 30 ಸೆಂಟ್ ಬಿದ್ದವರು ಉಳಿದದ್ದನ್ನು ಸ್ಪ್ರಿಂಕ್ಲರ್‌ನಿಂದ ತುಂಬಿಸಬೇಕೇ, ಕೆರೆಯ ನೀರನ್ನು ಹೂವಿನ ನಂತರ ಕಾಯಿ ಕಟ್ಟಲು ಕೊಡುವ ಎರಡನೆಯ ನೀರಾದ ಬ್ಯಾಕಿಂಗ್‌ಗೆ ಉಳಿಸಿಕೊಳ್ಳಬೇಕೇ ಎಂದು ಯೋಚಿಸುವಾಗ, ಅಕ್ಕಪಕ್ಕದ ಹತ್ತು ಊರುಗಳ ಲೆಕ್ಕವೂ ಅಲ್ಲಿನವರು ಕೈಗೊಂಡ ನಿರ್ಧಾರವೂ ಕಣ್ಣ ಮುಂದಿದ್ದರೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ಊರು, ದಿನಾಂಕ, ಇಂಚು, ಸೆಂಟ್ ಇಷ್ಟನ್ನೇ ಪತ್ರಕ್ಕೆ ಮರುತ್ತರವಾಗಿ ಬರೆಯಿರಿ ಎಂದು ಓದುಗರನ್ನು ಕೇಳಿ. ಇದರಿಂದ ಮತ್ತೊಂದು ಲಾಭವೂ ಇದೆ. ಓದುಗರು ಮರುತ್ತರ ಬರೆಯುವ ವಿಳಾಸವನ್ನು ಇ-ಮೇಲ್ ಸೇವೆಗಳು ಪರಿಚಿತರದೆಂದು ಗುರುತಿಸುವುದರಿಂದ ನಿಮ್ಮ ಮುಂದಿನ ಪತ್ರ ಸ್ಪ್ಯಾಮ್‌ಗೆ ಬೀಳುವ ಸಾಧ್ಯತೆ ಕಡಿಮೆಯಾಗುತ್ತದೆ.

ಮಾರುಕಟ್ಟೆ ಬೆಲೆಯನ್ನು ಹಾಕಬೇಡಿ. 50 ಕೆ.ಜಿ. ಚೀಲದ ದರ ದಿನದಿನಕ್ಕೂ ಬದಲಾಗುವಾಗ ತಿಂಗಳ ಪತ್ರದಲ್ಲಿ ಅದಕ್ಕೆ ಅರ್ಥವಿಲ್ಲ. ಆ ಕೆಲಸಕ್ಕೆ ವಾಟ್ಸ್ಆ್ಯಪೇ ಸರಿ. ಮತ್ತೆ ಹುಡುಕಿ ನೋಡಬೇಕಾಗುವ ಸಂಗತಿಗಳಿಗೆ ಇ-ಮೇಲ್ ಹೇಳಿ ಮಾಡಿಸಿದ್ದು. ಮೂರು ವರ್ಷದ ಹಿಂದೆ ಬರೆದ, ಶಿಲೀಂಧ್ರ ರೋಗಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಟಿಪ್ಪಣಿಯನ್ನು ಮೇ ತಿಂಗಳು ಬಂತೆಂದರೆ ಇಂದಿಗೂ ಓದುಗರು ತಮ್ಮ ಇ-ಮೇಲ್‌ನಲ್ಲಿ ‘ಬೋರ್ಡೋ’ ಎಂದು ಹುಡುಕಿ ತೆಗೆಯುತ್ತಾರೆ.

ಆ ಟಿಪ್ಪಣಿಯ ಹಿಂದೆ ನಾನು ಮರೆಯಲಾಗದ ಒಂದು ತಪ್ಪೂ ಇದೆ. ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂದು ಬರೆಯಬೇಕಾದಲ್ಲಿ ಸುಣ್ಣದ ಪ್ರಮಾಣವನ್ನು ನೂರು ಗ್ರಾಂ ಎಂದು ಬರೆದು ಕಳುಹಿಸಿಬಿಟ್ಟಿದ್ದೆ. ಸುಣ್ಣ ಕಡಿಮೆಯಾದರೆ ದ್ರಾವಣ ಆಮ್ಲೀಯವಾಗಿ ಮೆಣಸಿನ ಬಳ್ಳಿಯ ಎಲೆಯನ್ನು ಸುಡುತ್ತದೆ. ಹಿರಿಯ ಓದುಗರೊಬ್ಬರು ಸಂಜೆ ಫೋನ್ ಮಾಡಿ ಎಚ್ಚರಿಸಿದ್ದರಿಂದ ಆ ರಾತ್ರಿಯೇ ‘ತಿದ್ದುಪಡಿ’ ಎಂಬ ಶೀರ್ಷಿಕೆಯಲ್ಲಿ ಪ್ರತ್ಯೇಕ ಪತ್ರ ಕಳುಹಿಸಿದೆ, ಹೊಳಪಿನ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕೆಂಬ ಪರೀಕ್ಷೆಯನ್ನೂ ಅದರಲ್ಲೇ ಬರೆದೆ. ಅಂದಿನಿಂದ ಔಷಧಿಯ ಪ್ರಮಾಣವಿರುವ ಪ್ರತಿ ಸಾಲನ್ನೂ ಇನ್ನೊಬ್ಬರು ಓದದೆ ಕಳುಹಿಸುವುದಿಲ್ಲ. ತಾವೂ ಆ ನಿಯಮವನ್ನು ಮೊದಲ ಸಂಚಿಕೆಯಿಂದಲೇ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಸಂದೇಹವಿದ್ದರೆ ಕಾಫಿಯ ಬಗ್ಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರವನ್ನು, ಮೆಣಸು ಮತ್ತು ಏಲಕ್ಕಿಯ ಬಗ್ಗೆ ಅಪ್ಪಂಗಳದ ಸಂಬಾರ ಬೆಳೆಗಳ ಪ್ರಾದೇಶಿಕ ಕೇಂದ್ರವನ್ನು ಕೇಳಿ, ಅವರು ಹೇಳಿದ್ದನ್ನೇ ಬರೆಯಿರಿ.

ಪತ್ರ ಕೆಲಸಕ್ಕಿಂತ ಮುಂಚೆ ತಲುಪಬೇಕು. ಕಾಂಡಕೊರಕದ ದುಂಬಿ ಹೊರಬರುವುದು ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್ ಅವಧಿಯಲ್ಲಾದ್ದರಿಂದ ಗಿಡ ಪರೀಕ್ಷಿಸಿ ಗುರುತು ಮಾಡುವ ಮಾತು ಮಾರ್ಚ್ ಮತ್ತು ಸೆಪ್ಟೆಂಬರ್ ಸಂಚಿಕೆಗಳಲ್ಲಿರಬೇಕು; ಮೆಣಸಿನ ಸೊರಗು ರೋಗಕ್ಕೆ ಬಸಿಗಾಲುವೆ ಬಿಡಿಸುವ, ಬುಡಕ್ಕೆ ದ್ರಾವಣ ಹಾಕುವ ಮಾತು ಮುಂಗಾರು ಹಿಡಿಯುವ ಮೊದಲೇ ಬರಬೇಕು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಎಲ್ಲರೂ ಕೊಯ್ಲು, ಕಣ ಎಂದು ಓಡಾಡುವಾಗ ಅರ್ಧ ಪುಟ ಸಾಕು. ವಾರದ ಯಾವ ದಿನವಾದರೂ ಆಗಲಿ, ಒಮ್ಮೆ ನಿಶ್ಚಯಿಸಿದ ದಿನವನ್ನು ತಪ್ಪಿಸಬೇಡಿ. ನಾನು ತಿಂಗಳ ಮೊದಲ ಭಾನುವಾರದ ಸಂಜೆಗೆ ಕಳುಹಿಸುತ್ತೇನೆ.

ಇನ್ನು ವಿಳಾಸಗಳ ವಿಚಾರ. ಯಾವುದೋ ಸಂಘದ ಸದಸ್ಯರ ಪಟ್ಟಿಯಿಂದ ವಿಳಾಸಗಳನ್ನು ಎತ್ತಿಕೊಳ್ಳಬೇಡಿ. ಒಬ್ಬೊಬ್ಬರನ್ನೂ ಕೇಳಿ, ಅವರು ಒಪ್ಪಿದ ಮೇಲೆ ಮಾತ್ರ ಸೇರಿಸಿ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಬಂದ ಕೇಂದ್ರದ ಕಾಯ್ದೆಯೂ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಅದನ್ನು ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕೆನ್ನುತ್ತದೆ. ಆದ್ದರಿಂದ ‘ಈ ಪತ್ರ ಬೇಡವಾದಲ್ಲಿ ಹೀಗೆ ತಿಳಿಸಿ’ ಎಂಬ ಸಾಲು ಪ್ರತಿ ಪತ್ರದ ಕೊನೆಯಲ್ಲಿರಲಿ. ಎಲ್ಲ ವಿಳಾಸಗಳನ್ನೂ ‘ಟು’ ಸಾಲಿನಲ್ಲಿ ಹಾಕುವುದು ದೊಡ್ಡ ಅಪಾಯ, ಏಕೆಂದರೆ ಪ್ರತಿಯೊಬ್ಬರ ವಿಳಾಸವೂ ಉಳಿದೆಲ್ಲರಿಗೆ ಕಾಣುತ್ತದೆ. ನನ್ನ ಎರಡನೆಯ ಸಂಚಿಕೆಯಲ್ಲಿ ಹೀಗಾಗಿ, ಗೊಬ್ಬರ ಮಾರುವವರೊಬ್ಬರು ಆ ಪಟ್ಟಿಗೆ ಜಾಹೀರಾತು ಕಳುಹಿಸತೊಡಗಿದಾಗ ಮೂವರು ಓದುಗರು ಬೇಸರದಿಂದ ಪತ್ರವನ್ನೇ ಬಿಟ್ಟರು. ನಂಬಿ ಕೊಟ್ಟ ವಿಳಾಸವನ್ನು ನಾನು ಕಾಯಲಿಲ್ಲವಲ್ಲ ಎಂಬ ನೋವು ನನಗಿದೆ. ತಾವು ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ‘ಬಿಸಿಸಿ’ ಸಾಲನ್ನೇ ಬಳಸಿರಿ.

ಆರಂಭಕ್ಕೆ ಸಾಮಾನ್ಯ ಜಿಮೇಲ್ ಖಾತೆ ಸಾಕು. ಉಚಿತ ಖಾತೆಯಿಂದ ದಿನಕ್ಕೆ 500 ಜನರವರೆಗೆ ಕಳುಹಿಸಬಹುದು. ನೂರೈವತ್ತು ದಾಟಿದ ಮೇಲೆ ಸೇರುವವರನ್ನೂ ಬಿಡುವವರನ್ನೂ ಕೈಯಿಂದ ನೋಡಿಕೊಳ್ಳುವುದು ಕಷ್ಟವಾಗುವುದರಿಂದ ಮೇಲ್‌ಚಿಂಪ್, ಸಬ್‌ಸ್ಟ್ಯಾಕ್‌ನಂಥ, ಸುದ್ದಿಪತ್ರ ಕಳುಹಿಸಿಕೊಡುವ ಸೇವೆಗೆ ಹೋಗಿ. ಸಬ್‌ಸ್ಟ್ಯಾಕ್‌ನಲ್ಲಿ ಉಚಿತ ಪತ್ರಕ್ಕೆ ಶುಲ್ಕವಿಲ್ಲ, ಪತ್ರಕ್ಕೆ ಚಂದಾ ಪಡೆದರೆ ಮಾತ್ರ ಅದರಲ್ಲಿ ಶೇ 10ನ್ನು ಅವರು ತೆಗೆದುಕೊಳ್ಳುತ್ತಾರೆ. ಮೇಲ್‌ಚಿಂಪ್‌ನಂಥ ಸೇವೆಯ ಮೂಲಕ ನಿಮ್ಮ ಜಿಮೇಲ್ ವಿಳಾಸದ ಹೆಸರಿನಲ್ಲೇ ಕಳುಹಿಸಿದರೆ ಪತ್ರಗಳು ಸ್ಪ್ಯಾಮ್‌ಗೆ ಹೋಗುವುದುಂಟು. ಕಳುಹಿಸಿದವರು ನಿಜವಾಗಿಯೂ ಅವರೇ ಎಂಬುದನ್ನು ತೋರಿಸುವ ಎಸ್‌ಪಿಎಫ್, ಡಿಕಿಮ್ ಎಂಬ ಗುರುತುಗಳ ಬಗ್ಗೆ ಜಿಮೇಲ್ 2024ರ ಫೆಬ್ರುವರಿಯಿಂದ ಬಿಗಿಯಾಗಿದೆ. ಸ್ವಂತ ಡೊಮೈನ್ ಹೆಸರೊಂದನ್ನು (ಇ-ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಕೊಂಡು ಈ ಗುರುತುಗಳನ್ನು ಒಮ್ಮೆ ಹೊಂದಿಸಿಕೊಂಡರೆ ಆ ತೊಂದರೆ ಬಹುಮಟ್ಟಿಗೆ ತೀರುತ್ತದೆ. ಕಂಪ್ಯೂಟರ್ ಬಲ್ಲ ಹುಡುಗರು ಒಂದು ಸಂಜೆಯಲ್ಲಿ ಮಾಡಿಕೊಡುತ್ತಾರೆ.

ಕನ್ನಡದಲ್ಲಿ ಕಳುಹಿಸುವವರಿಗೆ ಇನ್ನೆರಡು ತೊಡಕುಗಳಿವೆ. ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಲೇಖನವನ್ನು ಹಾಗೆಯೇ ಅಂಟಿಸಿದರೆ ಓದುಗರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತು ಸ್ಥಳ ತಪ್ಪಿಲ್ಲವೆಂದು ನೋಡಿ, ಆಮೇಲೆ ಬಳಸಿ. ಎರಡನೆಯದಾಗಿ, ಸುಮಾರು 102 ಕಿಲೋಬೈಟ್ ಮೀರಿದ ಪತ್ರದ ತುದಿಯನ್ನು ಜಿಮೇಲ್ ಕತ್ತರಿಸಿ ಅಡಗಿಸುತ್ತದೆ. ಕನ್ನಡದ ಪ್ರತಿ ಅಕ್ಷರ ಚಿಹ್ನೆಯೂ ಮೂರು ಬೈಟ್ ಹಿಡಿಯುವುದರಿಂದ ಇಂಗ್ಲಿಷ್ ಪತ್ರಕ್ಕಿಂತ ನಮ್ಮ ಪತ್ರ ಬೇಗ ಆ ಮಿತಿಯನ್ನು ಮುಟ್ಟುತ್ತದೆ, ಮತ್ತು ಆಗ ಮೊದಲು ಮರೆಯಾಗುವುದು ಕೊನೆಯಲ್ಲಿರುವ ‘ಬೇಡವಾದಲ್ಲಿ ತಿಳಿಸಿ’ ಎಂಬ ಸಾಲೇ. ಎಂಟುನೂರು ಪದಗಳೊಳಗೆ ಮುಗಿಸಿ, ಸೇವೆಯವರು ಕೊಡುವ ಅಲಂಕಾರದ ವಿನ್ಯಾಸಗಳನ್ನು ಬಿಟ್ಟುಬಿಡಿ. ಜುಲೈ ತಿಂಗಳಲ್ಲಿ ಕರೆಂಟೂ ನೆಟ್‌ವರ್ಕೂ ಇಲ್ಲದ ಮನೆಗಳಲ್ಲಿ ಒಂದು ಗಳಿಗೆ ಸಿಗ್ನಲ್ ಸಿಕ್ಕಾಗ ಇಳಿದುಬರುವುದು ಬರೀ ಅಕ್ಷರಗಳಿರುವ ಪತ್ರ ಮಾತ್ರ. ರೋಗದ ಗುರುತು ತೋರಿಸಲು ಅಗತ್ಯವಿದ್ದರೆ ಒಂದೇ ಒಂದು ಚಿತ್ರವನ್ನು ಗಾತ್ರ ಕುಗ್ಗಿಸಿ ಹಾಕಿ, ಅದರಲ್ಲಿರುವುದನ್ನು ಮಾತಿನಲ್ಲಿಯೂ ಬರೆಯಿರಿ.

ಶೀರ್ಷಿಕೆಯಲ್ಲಿ ‘ಸುದ್ದಿಪತ್ರ, ಸಂಚಿಕೆ 3’ ಎಂದು ಬರೆಯುವ ಬದಲು ‘ಹೂಮಳೆ: ಶನಿವಾರಸಂತೆ ಸುತ್ತಲಿನ 9 ಊರುಗಳ ಲೆಕ್ಕ’ ಎಂದು ಬರೆಯಿರಿ, ಫೋನಿನ ಪರದೆಯಲ್ಲಿ ಕಾಣುವುದು ಮೊದಲ ಕೆಲವು ಪದಗಳಷ್ಟೇ.

ಮೊದಲ ಸಂಚಿಕೆಯನ್ನು ಎಲ್ಲರಿಗೂ ಕಳುಹಿಸುವ ಮೊದಲು ನಾಲ್ಕೈದು ಬೇರೆ ಬೇರೆ ಫೋನ್‌ಗಳಿಗೆ, ಅದರಲ್ಲೂ ಹಿರಿಯರೊಬ್ಬರ ಹಳೆಯ ಫೋನಿಗೆ ಕಳುಹಿಸಿ, ಅಕ್ಷರಗಳು ಸರಿಯಾಗಿ ಕಾಣುತ್ತವೆಯೇ ಎಂದು ಕೇಳಿ. ಕರಡು ಸಿದ್ಧವಾದಾಗ ನನಗೂ ತಿಳಿಸಿದರೆ ಔಷಧಿಯ ಪ್ರಮಾಣಗಳಿರುವ ಭಾಗವನ್ನು ಓದಿ ನೋಡುತ್ತೇನೆ, ಜೊತೆಗೆ ನಮ್ಮ ತೋಟದ ಕಳೆದ 7 ವರ್ಷಗಳ ಮಾರ್ಚ್ ಮತ್ತು ಏಪ್ರಿಲ್ ಮಳೆಯ ಲೆಕ್ಕವನ್ನೂ ತಮ್ಮ ಪತ್ರಕ್ಕೆ ಕಳುಹಿಸಿಕೊಡುತ್ತೇನೆ.